ಟ್ಯೂಷನ್ ಕೇಂದ್ರದಿಂದ ಬೇಸಿಗೆ ಶಿಬಿರದವರೆಗೆ: ಸೇವಾ ಸಂಸ್ಥೆಗಳಲ್ಲಿ ಮಕ್ಕಳ ರಕ್ಷಣೆಗೆ ಸಮಗ್ರ ಮಾರ್ಗದರ್ಶಿ

ಬೆಂಗಳೂರಿನಲ್ಲಿ ಮಕ್ಕಳಿಗಾಗಿ ನಡೆಯುವ ಸೇವಾ ಕೆಲಸದಲ್ಲಿ ದೊಡ್ಡ ಪಾಲು ಸಂಜೆಯದು ಮತ್ತು ವಾರಾಂತ್ಯದ್ದು. ಸ್ಲಂ ಪಕ್ಕದ ಸಮುದಾಯ ಭವನದಲ್ಲಿ ಉಚಿತ ಟ್ಯೂಷನ್, ಸರ್ಕಾರಿ ಶಾಲೆಯಲ್ಲಿ ಐಟಿ ಕಂಪನಿಯವರ ಶನಿವಾರದ ಇಂಗ್ಲಿಷ್ ಕ್ಲಾಸು, ಏಪ್ರಿಲ್-ಮೇ ತಿಂಗಳ ಬೇಸಿಗೆ ಶಿಬಿರ, ಆಶ್ರಮದ ಮಕ್ಕಳಿಗೆ ಹುಟ್ಟುಹಬ್ಬದ ಊಟ ಹಾಕಿಸಲು ಬರುವ ಕುಟುಂಬಗಳು. ಇಂಥ ಕಡೆ ಸಂಬಳದ ಸಿಬ್ಬಂದಿ ಕಡಿಮೆ, ಸ್ವಯಂಸೇವಕರೇ ಹೆಚ್ಚು. ಅವರ ಬಗ್ಗೆ ಕೇಳಿದರೆ ಬರುವ ಉತ್ತರ ಒಂದೇ: ‘ಎಲ್ಲ ನಮ್ಮವರೇ.’

ತೊಡಕು ಇರುವುದು ಅಲ್ಲೇ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಹೊರತಂದ ಅಧ್ಯಯನ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿತ್ತು. ಒಂದಲ್ಲ ಒಂದು ಬಗೆಯ ಲೈಂಗಿಕ ಕಿರುಕುಳ ಅನುಭವಿಸಿದ್ದೇವೆ ಎಂದವರು ಶೇ 53.22. ಕಿರುಕುಳ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಪರಿಚಯವಿದ್ದವರು ಅಥವಾ ಮಗು ನಂಬಿದ್ದವರು. ಆದ್ದರಿಂದ ಕೆಟ್ಟವರನ್ನು ಮುಖ ನೋಡಿ ಗುರುತಿಸುವ ಉಪಾಯ ಇಲ್ಲಿಲ್ಲ. ಆ ವಿದ್ಯೆ ಯಾರಿಗೂ ಬರುವುದಿಲ್ಲ. ಸಂಸ್ಥೆಯ ಕೈಯಲ್ಲಿರುವುದು ಎರಡು ಕೆಲಸ. ಯಾವ ಮಗುವೂ ಯಾವ ದೊಡ್ಡವರಿಗೂ ಒಂಟಿಯಾಗಿ ಸಿಗದಂತೆ ಕಾರ್ಯಕ್ರಮವನ್ನು ಹೊಂದಿಸುವುದು ಒಂದು. ದೂರು ಬಂದಾಗ ಅದನ್ನು ಸಂಸ್ಥೆಯೊಳಗೇ ತೀರ್ಮಾನ ಮಾಡದೆ ಹೊರಗೆ ಮುಟ್ಟಿಸುವುದು ಇನ್ನೊಂದು. ಮುಂದಿನ ಹಂತಗಳೆಲ್ಲ ಈ ಎರಡಕ್ಕೇ ಸೇರಿದವು.

ಮೊದಲು ತಿಳಿದಿರಬೇಕಾದ ಕಾನೂನು

ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲೆಂದು ಬಂದ 2012ರ ಪೋಕ್ಸೊ ಕಾಯ್ದೆ ಮತ್ತು 2015ರ ಬಾಲನ್ಯಾಯ ಕಾಯ್ದೆ, ಎರಡರಲ್ಲೂ 18 ತುಂಬದವರೆಲ್ಲ ಮಕ್ಕಳು. ಹುಡುಗ-ಹುಡುಗಿ ಭೇದವಿಲ್ಲ. ಹದಿನಾರು, ಹದಿನೇಳರ ವಯಸ್ಸಿನವರ ‘ಒಪ್ಪಿಗೆ’ಗೂ ಪೋಕ್ಸೊದಲ್ಲಿ ಬೆಲೆಯಿಲ್ಲ.

ಪೋಕ್ಸೊ ಸೆಕ್ಷನ್ 19ರ ಪ್ರಕಾರ ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ ಸರಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರಡಿ 6 ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 1 ವರ್ಷದವರೆಗೆ ಜೈಲು ಮತ್ತು ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಕೇಸು ಹಾಕಲು ಬರುವುದಿಲ್ಲ. ಟ್ರಸ್ಟಿಗಳ ಸಭೆಯಲ್ಲಿ ‘ಸುಳ್ಳಾದರೆ ಏನು ಗತಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಕಾಯ್ದೆಯಲ್ಲೇ ಇದೆ.

2020ರ ಪೋಕ್ಸೊ ನಿಯಮಗಳು ಇನ್ನೊಂದು ಹೊಣೆ ಹೊರಿಸಿವೆ. ಮಕ್ಕಳನ್ನು ಇರಿಸಿಕೊಂಡ ಸಂಸ್ಥೆ ಮಾತ್ರವಲ್ಲ, ಮಕ್ಕಳೊಂದಿಗೆ ನಿಯಮಿತ ಸಂಪರ್ಕವಿರುವ ಯಾವುದೇ ಸಂಸ್ಥೆ ತನ್ನ ಸಿಬ್ಬಂದಿಯ ಪೊಲೀಸ್ ಪರಿಶೀಲನೆಯನ್ನು ಕಾಲಕಾಲಕ್ಕೆ ಮಾಡಿಸಬೇಕು. ‘ನಾವು ಬರೀ ಟ್ಯೂಷನ್ ಮಾಡೋರು’ ಎಂಬ ಮಾತಿಗೆ ಇಲ್ಲಿ ಜಾಗವಿಲ್ಲ.

ಹಂತ 1: ಒಂಟಿ ಗಳಿಗೆಗಳನ್ನು ಪಟ್ಟಿ ಮಾಡಿ

ನೀತಿ ಬರೆಯುವುದು ಆಮೇಲೆ. ಮೊದಲು ಇಬ್ಬರು ಕಾಗದ ಹಿಡಿದು ಜಾಗವನ್ನು ಸುತ್ತಿ ಬನ್ನಿ. ಮಗು ಮನೆ ಬಿಟ್ಟಲ್ಲಿಂದ ಮನೆ ಸೇರುವವರೆಗೆ ಯಾರ ಜೊತೆ, ಎಲ್ಲಿ, ಎಷ್ಟು ಹೊತ್ತು ಇರುತ್ತದೆ ಎಂದು ಬರೆಯಿರಿ. ಒಬ್ಬರು ದೊಡ್ಡವರು ಮತ್ತು ಒಂದು ಮಗು ಇತರರ ಕಣ್ಣಿಗೆ ಬೀಳದಂತೆ ಇರಬಹುದಾದ ಪ್ರತಿ ಗಳಿಗೆಗೂ ಕೆಂಪು ಗೆರೆ ಎಳೆಯಿರಿ.

ಸಾಮಾನ್ಯವಾಗಿ ಸಿಕ್ಕಿಬೀಳುವ ಜಾಗಗಳು ಇವು: ಹಿಂದುಗಡೆಯ ಶೌಚಾಲಯ, ಪುಸ್ತಕ-ಚಾಪೆ ಇಡುವ ಸ್ಟೋರ್ ರೂಂ, ಟೆರೇಸ್ ಮೆಟ್ಟಿಲು, ನಾಟಕದ ದಿನ ಬಟ್ಟೆ ಬದಲಿಸುವ ಕೋಣೆ, ಮಗುವನ್ನು ಮನೆಗೆ ಬಿಡುವ ಬೈಕು. ಎಲ್ಲಕ್ಕಿಂತ ಹೆಚ್ಚು ಎಡವುವುದು ಕ್ಲಾಸು ಮುಗಿದ ಮೇಲಿನ ಅರ್ಧ ಗಂಟೆಯಲ್ಲಿ. ಗಾರ್ಮೆಂಟ್ಸ್ ಕೆಲಸದ ಅಮ್ಮ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿರುತ್ತಾರೆ, ಉಳಿದ ಸ್ವಯಂಸೇವಕರು ಮೆಟ್ರೊ ಹಿಡಿಯಲು ಹೊರಟಿರುತ್ತಾರೆ, ಕೊನೆಯ ಮಗುವಿನ ಜೊತೆ ಒಬ್ಬರೇ ಉಳಿಯುತ್ತಾರೆ.

ಪರಿಹಾರಗಳಿಗೆ ಖರ್ಚು ಅಷ್ಟಿಲ್ಲ. ಕೊನೆಯ ಮಗು ಹೋಗುವವರೆಗೆ ಇಬ್ಬರು ನಿಲ್ಲುವ ಸರದಿ ಪಟ್ಟಿ ಗೋಡೆಗೆ ಅಂಟಿಸಿ. ಸ್ಟೋರ್ ರೂಂ ಮತ್ತು ಟೆರೇಸಿಗೆ ಬೀಗ ಹಾಕಿ, ಬೀಗದ ಕೈಯನ್ನು ಸಹಿ ಹಾಕಿಯೇ ಕೊಡಿ. ತರಗತಿಯ ಬಾಗಿಲು ತೆರೆದಿರಲಿ. ಶೌಚಾಲಯಕ್ಕೆ ಚಿಕ್ಕವರು ಜೋಡಿಯಾಗಿ ಹೋಗಲಿ, ದೊಡ್ಡವರು ಹೊರಬಾಗಿಲಲ್ಲಿ ನಿಲ್ಲಲಿ. ಸಿಸಿಟಿವಿ ಇದ್ದರೆ ಮೊಗಸಾಲೆ, ಗೇಟುಗಳಿಗೆ ಮಾತ್ರ. ಶೌಚಾಲಯ, ಬಟ್ಟೆ ಬದಲಿಸುವ ಕೋಣೆಗೆ ಎಂದೂ ಬೇಡ. ರೆಕಾರ್ಡಿಂಗ್ ಎಷ್ಟು ದಿನಕ್ಕೆ ತಾನಾಗಿ ಅಳಿಯುತ್ತದೆ ಎಂದು ತಿಳಿದುಕೊಂಡಿರಿ. ದೂರು ಬಂದ ದಿನವೇ ಅದನ್ನು ಉಳಿಸದಿದ್ದರೆ ಕ್ಯಾಮೆರಾ ಇದ್ದೂ ಇಲ್ಲದಂತೆ.

ಹಂತ 2: ಎರಡು ಪುಟದ ನೀತಿ, ಇಬ್ಬರು ಹೊಣೆಗಾರರು

ಕರ್ನಾಟಕ ಸರ್ಕಾರದ 2016ರ ಮಕ್ಕಳ ರಕ್ಷಣಾ ನೀತಿ ಮಾದರಿಯಾಗಿ ಕಣ್ಣ ಮುಂದಿರಲಿ. ಆದರೆ ಅಂತರ್ಜಾಲದಿಂದ ನಲವತ್ತು ಪುಟ ಇಳಿಸಿಕೊಂಡು, ಸಂಸ್ಥೆಯ ಹೆಸರು ಬದಲಿಸಿ ಫೈಲಿಗೆ ಹಾಕುವ ಚಾಳಿ ಬಿಡಿ. ಅದನ್ನು ಯಾರೂ ಓದುವುದಿಲ್ಲ. ಎರಡು ಪುಟ ಸಾಕು: ಯಾರಿಗೆ ಅನ್ವಯ, ಏನು ಮಾಡಬಾರದು, ದೂರು ಯಾರಿಗೆ, ಆಮೇಲೆ ಏನಾಗುತ್ತದೆ. ಟ್ರಸ್ಟಿ, ಅಡುಗೆಯವರು, ವ್ಯಾನ್ ಡ್ರೈವರ್, ಒಂದು ದಿನಕ್ಕೆ ಬರುವ ದಾನಿ, ಎಲ್ಲರೂ ‘ಯಾರಿಗೆ ಅನ್ವಯ’ದೊಳಗೆ ಬರಬೇಕು. ಕನ್ನಡದಲ್ಲಿ ಬರೆಯಿರಿ. ನಿಮ್ಮ ಪ್ರದೇಶಕ್ಕೆ ತಕ್ಕಂತೆ ತಮಿಳು, ಉರ್ದು, ತೆಲುಗು, ಹಿಂದಿಯಲ್ಲೂ ಓದಿ ಹೇಳಿ. ಮಕ್ಕಳಿಗೆ ಅದನ್ನೇ ಒಂದು ಪುಟದ ಚಿತ್ರಪಟ ಮಾಡಿ.

ಹೊಣೆಗಾರರು ಇಬ್ಬರಿರಲಿ, ಕನಿಷ್ಠ ಒಬ್ಬರು ಮಹಿಳೆ. ಅಧ್ಯಕ್ಷರು ಮತ್ತು ಅವರ ಪತ್ನಿಯೇ ಆ ಇಬ್ಬರಾದರೆ ಅಧ್ಯಕ್ಷರ ಮೇಲಿನ ದೂರನ್ನು ಯಾರ ಬಳಿ ಹೇಳಬೇಕು? ಮೂರನೆಯ ದಾರಿಯಾಗಿ ಮಕ್ಕಳ ಸಹಾಯವಾಣಿ 1098 ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿರಲಿ, ಮಗುವಿನ ಕಣ್ಣಿನ ಎತ್ತರದಲ್ಲಿ. ಇನ್ನೊಂದು ಎಚ್ಚರ: ಮಹಿಳಾ ಉದ್ಯೋಗಿಗಳ ಮೇಲಿನ ಲೈಂಗಿಕ ಕಿರುಕುಳಕ್ಕೆಂದು ಕಚೇರಿಗಳಲ್ಲಿರುವ ಆಂತರಿಕ ಸಮಿತಿಗೆ ಮಗುವಿನ ದೂರನ್ನು ಒಯ್ಯಬೇಡಿ. ಅದು ಬೇರೆ ಕಾಯ್ದೆಯದು, ಬೇರೆ ಉದ್ದೇಶದ್ದು.

ಹಂತ 3: ಜನರನ್ನು ಆರಿಸುವುದು

ಗುರುತಿನ ಚೀಟಿ, ವಿಳಾಸ, ಹಿಂದೆ ಕೆಲಸ ಮಾಡಿದ ಎರಡು ಕಡೆಯ ಹೆಸರು, ಮತ್ತು ಮಕ್ಕಳ ಮೇಲಿನ ಅಪರಾಧದ ಪ್ರಕರಣ ತನ್ನ ಮೇಲೆ ಇಲ್ಲವೆಂಬ ಸಹಿ ಮಾಡಿದ ಹೇಳಿಕೆ. ಪೊಲೀಸ್ ಪರಿಶೀಲನೆಗೆ ಸೇವಾ ಸಿಂಧು ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಆ ಪ್ರಮಾಣಪತ್ರ ಹೇಳುವುದು ದಾಖಲಾದ ಪ್ರಕರಣಗಳ ಬಗ್ಗೆ ಮಾತ್ರ ಎಂಬುದು ನೆನಪಿರಲಿ. ದೂರೇ ಆಗದಂತೆ ಹಿಂದಿನ ಸಂಸ್ಥೆಯಿಂದ ‘ಗೌರವವಾಗಿ’ ಬೀಳ್ಕೊಟ್ಟವರ ಪತ್ರವೂ ಸ್ವಚ್ಛವಾಗಿಯೇ ಬರುತ್ತದೆ. ಲೈಂಗಿಕ ಅಪರಾಧಿಗಳ ರಾಷ್ಟ್ರೀಯ ದತ್ತಾಂಶ ಕೋಶ 2018ರಿಂದ ಇದೆ, ಆದರೆ ಅದನ್ನು ತೆರೆದು ನೋಡಬಲ್ಲವರು ತನಿಖಾ ಸಂಸ್ಥೆಗಳು ಮಾತ್ರ.

ಅದಕ್ಕೇ ಫೋನ್ ಮಾಡಿ ವಿಚಾರಿಸುವುದಕ್ಕೆ ಹೆಚ್ಚು ತೂಕ. ‘ಹೇಗಿದ್ದರು?’ ಎಂದರೆ ‘ಒಳ್ಳೆಯವರು’ ಎನ್ನುತ್ತಾರೆ. ‘ಇವರನ್ನು ಮತ್ತೆ ಮಕ್ಕಳ ಕೆಲಸಕ್ಕೇ ತೆಗೆದುಕೊಳ್ಳುತ್ತೀರಾ?’ ಎಂದು ಕೇಳಿ, ಉತ್ತರ ತಡವಾದರೆ ಗಮನಿಸಿ. ಸಂದರ್ಶನದಲ್ಲಿ ಸನ್ನಿವೇಶ ಕೊಡಿ: ಹುಡುಗಿಯೊಬ್ಬಳು ‘ಯಾರಿಗೂ ಹೇಳಲ್ಲ ಅಂತ ಮಾತು ಕೊಡಿ ಸಾರ್, ಆಮೇಲೆ ಹೇಳ್ತೀನಿ’ ಎಂದರೆ ಏನು ಮಾಡುತ್ತೀರಿ? ಸಹೋದ್ಯೋಗಿ ಒಬ್ಬ ಹುಡುಗನನ್ನು ಮಾತ್ರ ದಿನವೂ ಬೈಕಿನಲ್ಲಿ ಮನೆಗೆ ಬಿಡುತ್ತಿದ್ದರೆ? ಸರಿಯುತ್ತರ ಗೊತ್ತಿಲ್ಲದಿದ್ದರೆ ಕಲಿಸಬಹುದು. ‘ಅಷ್ಟಕ್ಕೆಲ್ಲ ರೂಲ್ಸ್ ಬೇಕಾ’ ಎಂದು ನಗುವವರನ್ನು ಮಕ್ಕಳ ಹತ್ತಿರದ ಕೆಲಸಕ್ಕೆ ಹಾಕಬೇಡಿ, ಲೆಕ್ಕಪತ್ರಕ್ಕೆ ಹಾಕಿ. ಮೊದಲ ಮೂರು ತಿಂಗಳು ಹಳಬರ ಜೊತೆಯಲ್ಲೇ ತರಗತಿ.

ಕಂಪನಿಯಿಂದ ಒಂದೇ ದಿನಕ್ಕೆ ನಲವತ್ತು ಮಂದಿ ಬಂದರೆ ಇಷ್ಟೆಲ್ಲ ಪರಿಶೀಲನೆ ಆಗದ ಮಾತು. ಆಗ ಅವರಿಗೆ ಮಕ್ಕಳ ಮೇಲ್ವಿಚಾರಣೆಯ ಹೊಣೆ ಕೊಡಬೇಡಿ. ಗೋಡೆಗೆ ಬಣ್ಣ ಬಳಿಯಲಿ, ಗುಂಪಿನ ಆಟ ಆಡಿಸಲಿ, ಜೊತೆಗೆ ಸದಾ ನಿಮ್ಮ ಸಿಬ್ಬಂದಿ ಇರಲಿ. ಬರುವ ಮುನ್ನ ಹದಿನೈದು ನಿಮಿಷ ನಿಯಮ ಓದಿಸಿ ಸಹಿ ಪಡೆಯಿರಿ. ದಾನಿ ದೊಡ್ಡವರೆಂದು ವಿನಾಯಿತಿ ಕೊಟ್ಟರೆ ನಿಮ್ಮ ಸಿಬ್ಬಂದಿಯೂ ಆ ನಿಯಮವನ್ನು ಲೆಕ್ಕಕ್ಕಿಡುವುದಿಲ್ಲ.

ಹಂತ 4: ದಿನದ ನಡವಳಿಕೆ

ಯಾವ ಗುಂಪಿನ ಜೊತೆಗೂ ಇಬ್ಬರು ದೊಡ್ಡವರಿಗಿಂತ ಕಡಿಮೆ ಬೇಡ. ಅದರ ಮೇಲೆ 4ರಿಂದ 8 ವರ್ಷದವರಿದ್ದರೆ 6 ಮಕ್ಕಳಿಗೆ ಒಬ್ಬರು, 9ರಿಂದ 12ರವರಿದ್ದರೆ 8ಕ್ಕೆ ಒಬ್ಬರು, ಅದಕ್ಕೂ ದೊಡ್ಡವರಾದರೆ 10ಕ್ಕೆ ಒಬ್ಬರು. ಇಬ್ಬರು ಬಾರದ ದಿನ ತರಗತಿ ರದ್ದಾಗಲಿ. ಮಕ್ಕಳು ಬಂದುಬಿಟ್ಟಿದ್ದರೆ ಎಲ್ಲರಿಗೂ ಕಾಣುವ ಅಂಗಳದಲ್ಲಿ ಆಟ ಆಡಿಸಿ, ಪೋಷಕರಿಗೆ ತಿಳಿಸಿ, ಬೇಗ ಮನೆಗೆ ಕಳಿಸಿ.

ಹೊಡೆಯುವುದು, ಬಸ್ಕಿ ಹೊಡೆಸುವುದು, ಜಾತಿ, ಬಣ್ಣ, ಮೈಕಟ್ಟು ಹಿಡಿದು ಹೀಯಾಳಿಸುವುದು ಬೇಡವೇ ಬೇಡ. ಶಾಲೆಗಳಲ್ಲಿ 2009ರ ಶಿಕ್ಷಣ ಹಕ್ಕು ಕಾಯ್ದೆಯೇ ದೈಹಿಕ ಶಿಕ್ಷೆ, ಮಾನಸಿಕ ಹಿಂಸೆ ಎರಡನ್ನೂ ನಿಷೇಧಿಸಿದೆ. ‘ನಾವೂ ಏಟು ತಿಂದೇ ಬೆಳೆದಿದ್ದು’ ಎನ್ನುವವರಿಗೆ ಅದನ್ನೇ ಹೇಳಿ ಮುಗಿಸಿ. ಬಿದ್ದು ಅಳುವ ಮಗುವನ್ನು ಸಂತೈಸಬಾರದೆಂದಲ್ಲ. ಎಲ್ಲರೆದುರು, ಮಗು ಬಯಸಿದಷ್ಟು, ಬೆನ್ನು-ಭುಜಕ್ಕೆ ಸೀಮಿತವಾಗಿರಲಿ.

ಎಚ್ಚರ ಬೇಕಾದ್ದು ನಿಧಾನವಾಗಿ ಒಗ್ಗಿಸಿಕೊಳ್ಳುವ ವರ್ತನೆಗೆ. ಒಂದೇ ಮಗುವಿಗೆ ಗಿಫ್ಟು, ಮೊಬೈಲ್ ರೀಚಾರ್ಜು. ಮನೆಯವರಿಗೆ ಸಾಲ, ರೇಷನ್ನು. ‘ನಿನಗೊಬ್ಬಳಿಗೇ ಸ್ಪೆಷಲ್ ಕ್ಲಾಸ್’. ಸಣ್ಣ ನಿಯಮ ಮುರಿದು ಯಾರು ಕೇಳುತ್ತಾರೆ ಎಂದು ನೋಡುವುದು. ‘ಇದು ನಮ್ಮಿಬ್ಬರ ಗುಟ್ಟು’. ಬಿಡಿಯಾಗಿ ನೋಡಿದರೆ ಇವೆಲ್ಲ ಒಳ್ಳೆಯತನದಂತೆಯೇ ಕಾಣುತ್ತವೆ. ಹಾಗಾಗಿ ಉದ್ದೇಶ ಅಳೆಯಲು ಹೋಗದೆ ವರ್ತನೆಯನ್ನೇ ನಿಯಮದಿಂದ ಕಟ್ಟಿ. ಕೊಡುಗೆ ಏನಿದ್ದರೂ ಸಂಸ್ಥೆಯ ಮೂಲಕ, ಎಲ್ಲ ಮಕ್ಕಳಿಗೂ. ಮಗುವಿಗೆ ಖಾಸಗಿ ವಾಟ್ಸ್ಆ್ಯಪ್ ಸಂದೇಶ ಬೇಡ. ಪೋಷಕರ ನಂಬರಿನ ಗುಂಪು, ಅದರಲ್ಲಿ ಹೊಣೆಗಾರರಿಬ್ಬರೂ ಇರಬೇಕು. ಇನ್‌ಸ್ಟಾಗ್ರಾಂನಲ್ಲಿ ಮಕ್ಕಳ ಕೋರಿಕೆ ಬಂದರೆ ಒಪ್ಪಿಕೊಳ್ಳುವಂತಿಲ್ಲ. ಮಗುವಿನ ಮನೆಗೆ ಒಬ್ಬರೇ ಹೋಗುವಂತಿಲ್ಲ. ನಿಯಮ ತಪ್ಪಿದ್ದು ಕಂಡರೆ ಅದೇ ದಿನ ದಿನಾಂಕ ಹಾಕಿ ಪುಸ್ತಕದಲ್ಲಿ ಬರೆಯಿರಿ. ಮೂರು ಸಣ್ಣ ಟಿಪ್ಪಣಿ ಒಂದೇ ಹೆಸರಿನ ಮುಂದೆ ಕಂಡಾಗಲೇ ಚಿತ್ರ ಕೂಡಿಕೊಳ್ಳುವುದು.

ಹಂತ 5: ಫೋಟೊ

ದಾನಿಗಳಿಗೆ ವರದಿ ಕಳಿಸಲು ಫೋಟೊ ಬೇಕು, ಒಪ್ಪೋಣ. ಆದರೆ ಆಶ್ರಮದ ಮಕ್ಕಳು, ಅಪರಾಧಕ್ಕೆ ಒಳಗಾದ ಅಥವಾ ಸಾಕ್ಷಿಯಾದ ಮಕ್ಕಳ ಗುರುತು ಮಾಧ್ಯಮದಲ್ಲಿ ಬಯಲಾದರೆ ಬಾಲನ್ಯಾಯ ಕಾಯ್ದೆಯ ಸೆಕ್ಷನ್ 74ರಡಿ 6 ತಿಂಗಳವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಹುಟ್ಟುಹಬ್ಬದ ಊಟಕ್ಕೆ ಬಂದವರು ಕೇಕಿನ ಸುತ್ತ ಮಕ್ಕಳನ್ನು ನಿಲ್ಲಿಸಿ ಸ್ಟೇಟಸ್ ಹಾಕುವುದನ್ನು ಗೇಟಿನಲ್ಲೇ ತಡೆಯಿರಿ. ಫೋನುಗಳನ್ನು ಕಚೇರಿಯಲ್ಲಿ ಬಿಟ್ಟು ಒಳಗೆ ಬರಲಿ.

ಉಳಿದ ಮಕ್ಕಳದ್ದಾದರೆ ಪೋಷಕರ ಲಿಖಿತ ಒಪ್ಪಿಗೆ, ಮಗುವಿನ ಒಪ್ಪಿಗೆ, ಸಂಸ್ಥೆಯದೇ ಫೋನು. ಮುಖದ ಬದಲು ಕೈ, ಬೆನ್ನು, ಗುಂಪು ತೆಗೆಯಿರಿ. ಯೂನಿಫಾರ್ಮಿನ ಬ್ಯಾಡ್ಜು, ಶಾಲೆಯ ಬೋರ್ಡು ಚೌಕಟ್ಟಿನೊಳಗೆ ಬಾರದಿರಲಿ. ಹೆಸರು ಮತ್ತು ಬಡಾವಣೆ ಒಟ್ಟಿಗೆ ಬರೆಯಬೇಡಿ, ಫೋನಿನ ಲೊಕೇಷನ್ ಆಫ್ ಮಾಡಿ. ಒಪ್ಪಿಗೆ ಕೊಡದ ಮಗುವನ್ನು ಊಟದ ಸಾಲಿನಿಂದ ಎಬ್ಬಿಸಬೇಡಿ; ಕ್ಯಾಮೆರಾ ಬೇರೆ ಕಡೆ ತಿರುಗಲಿ.

ಹಂತ 6: ಪ್ರವಾಸ

ಬನ್ನೇರುಘಟ್ಟ, ನಂದಿಬೆಟ್ಟ, ವಿಶ್ವೇಶ್ವರಯ್ಯ ಮ್ಯೂಸಿಯಂ, ಎಲ್ಲಿಗಾದರೂ ಲಿಖಿತ ಒಪ್ಪಿಗೆ, ಔಷಧ-ಅಲರ್ಜಿ ವಿವರ, ಎರಡು ಪ್ರತಿ ಪಟ್ಟಿ. ಬಸ್ ಹತ್ತಿದಾಗ, ಇಳಿದಾಗ, ಊಟಕ್ಕೆ ಮುನ್ನ ಮತ್ತು ನಂತರ, ಹೊರಡುವಾಗ ಹೆಸರು ಕರೆದು ಎಣಿಸಿ. ಬರೀ ತಲೆ ಎಣಿಸಿದರೆ ಬೇರೆ ಗುಂಪಿನ ಮಗು ಸೇರಿಕೊಂಡು ಲೆಕ್ಕ ಸರಿಹೋಗುವುದುಂಟು. ಮಗುವಿನ ಕೊರಳಿನ ಕಾರ್ಡಿನಲ್ಲಿ ಸಂಸ್ಥೆಯ ಫೋನ್ ನಂಬರ್ ಸಾಕು, ಹೆಸರು ಬೇಡ. ಲಾಲ್‌ಬಾಗಿಗೆ ಗಣರಾಜ್ಯೋತ್ಸವ, ಸ್ವಾತಂತ್ರ್ಯ ದಿನದ ಫಲಪುಷ್ಪ ಪ್ರದರ್ಶನದ ವೇಳೆ ಚಿಕ್ಕ ಮಕ್ಕಳನ್ನು ಕರೆದೊಯ್ಯದಿರುವುದೇ ವಾಸಿ. ಹೋದರೆ ‘ತಪ್ಪಿಸಿಕೊಂಡರೆ ಇದೇ ಗೇಟು’ ಎಂದು ಒಳಗೆ ಕಾಲಿಡುವಾಗಲೇ ತೋರಿಸಿ.

ಹಂತ 7: ಮಕ್ಕಳಿಗೆ ತಿಳಿಸುವುದು

ಮೂರು ತಿಂಗಳಿಗೊಮ್ಮೆ ಅರ್ಧ ಗಂಟೆ ಸಾಕು. ಮೈಯ ಖಾಸಗಿ ಭಾಗಗಳಿಗೆ ಮಕ್ಕಳು ನಾಚದೆ ಬಳಸಬಲ್ಲ ಪದಗಳು, ‘ಬೇಡ’ ಎನ್ನುವ ಅಭ್ಯಾಸ, ಹೇಳಬೇಕಾದ ಇಬ್ಬರ ಹೆಸರು. ಹುಡುಗರಿಗೂ ಅಷ್ಟೇ ಮುಖ್ಯ. ‘ಗಂಡು ಹುಡುಗನಿಗೆ ಏನಾಗುತ್ತೆ’ ಎಂಬ ಉದಾಸೀನದಿಂದ ಅವರು ಇನ್ನೂ ಹೆಚ್ಚು ಬಾಯಿ ಮುಚ್ಚಿಕೊಳ್ಳುತ್ತಾರೆ. ‘ಕಿರುಚು, ಓಡು’ ಎಂದಷ್ಟೇ ಕಲಿಸಿದರೆ, ಹೆದರಿ ಮರಗಟ್ಟಿದ ಮಗು ತಪ್ಪು ತನ್ನದೇ ಎಂದುಕೊಳ್ಳುತ್ತದೆ. ‘ಆಗ ಆಗಲಿಲ್ಲವಾದರೂ ಪರವಾಗಿಲ್ಲ, ಯಾವಾಗ ಬೇಕಾದರೂ ಹೇಳಬಹುದು’ ಎಂಬುದನ್ನು ಪ್ರತಿ ಸಲವೂ ಸೇರಿಸಿ.

ಹಂತ 8: ಮಗು ಬಾಯಿ ಬಿಟ್ಟಾಗ

ಇಡೀ ವ್ಯವಸ್ಥೆಯ ಪರೀಕ್ಷೆ ಇಲ್ಲಿ. ಮಗು ನೇರವಾಗಿ ಹೇಳುವುದು ಅಪರೂಪ. ‘ಆ ಅಣ್ಣನ ಕ್ಲಾಸಿಗೆ ಹೋಗಲ್ಲ’ ಎಂದೋ, ‘ನನ್ ಫ್ರೆಂಡಿಗೆ ಹಿಂಗಾಯ್ತಂತೆ’ ಎಂದೋ ಶುರುವಾಗುತ್ತದೆ.

ಕೇಳುವವರು ಮುಖದಲ್ಲಿ ಗಾಬರಿ ತೋರಬಾರದು. ಹೇಳಬೇಕಾದ್ದು ಇಷ್ಟೇ: ‘ನೀನು ಹೇಳಿದ್ದು ಒಳ್ಳೇದಾಯ್ತು ಪುಟ್ಟ. ನಿಂದೇನೂ ತಪ್ಪಿಲ್ಲ. ಇದನ್ನ ನಾನೊಬ್ಬಳೇ ಇಟ್ಕೊಳ್ಳೋಕಾಗಲ್ಲ, ಸಹಾಯ ಮಾಡೋರಿಗೆ ಹೇಳ್ಬೇಕು.’ ಗುಟ್ಟಿನ ಮಾತು ಕೊಡಬೇಡಿ. ‘ಆಮೇಲೆ ಏನಾಯ್ತು?’ ಎನ್ನಬಹುದು, ‘ಅವನು ಇಲ್ಲಿ ಮುಟ್ಟಿದನಾ?’ ಎನ್ನಬಾರದು, ಉತ್ತರವನ್ನು ನೀವೇ ಬಾಯಿಗಿಟ್ಟಂತಾಗುತ್ತದೆ. ‘ಮೊದಲೇ ಯಾಕೆ ಹೇಳ್ಲಿಲ್ಲ?’ ಎಂದು ಎಂದೂ ಕೇಳಬೇಡಿ. ಯಾರು, ಎಲ್ಲಿ, ಯಾವಾಗ ಎಂಬಷ್ಟು ಗೊತ್ತಾದರೆ ನಿಲ್ಲಿಸಿ. ಟ್ರಸ್ಟಿಗಳ ಮುಂದೆ, ಹೆಡ್ ಮಿಸ್ ಮುಂದೆ ಮತ್ತೆ ಮತ್ತೆ ಹೇಳಿಸಿದರೆ ಮಗುವಿಗೆ ಹಿಂಸೆ. ಕೋರ್ಟಿನಲ್ಲಿ ಹೇಳಿಕೆಗಳ ನಡುವಿನ ಸಣ್ಣ ವ್ಯತ್ಯಾಸವನ್ನೇ ಎತ್ತಿ ತೋರಿಸುತ್ತಾರೆ. ಮಗು ಅತ್ತ ಹೋದ ಕೂಡಲೇ ಅದರ ಮಾತನ್ನು ಅದರ ಭಾಷೆಯಲ್ಲೇ, ತಿದ್ದದೆ ಬರೆದು, ದಿನಾಂಕ, ಸಮಯ, ಸಹಿ ಹಾಕಿ.

ಘಟನೆ ಮೂರು ದಿನದೊಳಗಿನದಾದರೆ ಆಸ್ಪತ್ರೆ ಮೊದಲು. ಎಚ್‌ಐವಿ ತಡೆಯುವ ಔಷಧ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ತಡೆಯುವ ಮಾತ್ರೆಗೂ ಇದೇ ಮಾತು. ಸ್ನಾನ ಮಾಡಿಸಬೇಡಿ, ಬಟ್ಟೆ ಒಗೆಯಬೇಡಿ. ಬಟ್ಟೆ ಬದಲಿಸಿದ್ದರೆ ಅದನ್ನು ಪೇಪರ್ ಕವರಿನಲ್ಲಿಡಿ, ಪ್ಲಾಸ್ಟಿಕ್ಕಿನಲ್ಲಿ ತೇವ ಹಿಡಿದು ಸಾಕ್ಷ್ಯ ಕೆಡುತ್ತದೆ. ಸರ್ಕಾರಿ, ಖಾಸಗಿ ಯಾವ ಆಸ್ಪತ್ರೆಯಾದರೂ ತಕ್ಷಣದ ಚಿಕಿತ್ಸೆ ಉಚಿತವಾಗಿ ಕೊಡಬೇಕು. ಪೊಲೀಸ್ ಪತ್ರ ತಂದರೆ ಮಾತ್ರ ನೋಡುತ್ತೇವೆ ಎನ್ನುವಂತಿಲ್ಲ. ಹುಡುಗಿಯಾದರೆ ಪರೀಕ್ಷೆ ಮಹಿಳಾ ವೈದ್ಯರಿಂದ, ಪೋಷಕರು ಅಥವಾ ಮಗು ನಂಬುವವರ ಎದುರು.

ಪೊಲೀಸರಿಗೆ ಅದೇ ದಿನ ತಿಳಿಸಿ: ಹತ್ತಿರದ ಠಾಣೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕ, ತುರ್ತಾದರೆ 112. ಮಗುವಿನಿಂದ ಕೇಳಿಸಿಕೊಂಡವರೇ ಮಾಹಿತಿದಾರರಾಗಬಹುದು, ಪುರಾವೆ ಜೋಡಿಸುವುದು ನಿಮ್ಮ ಕೆಲಸವಲ್ಲ. ಬರೆದುಕೊಂಡು ಹೋದ ಪತ್ರದ ಪ್ರತಿಗೆ ಸ್ವೀಕೃತಿ ಪಡೆಯಿರಿ, ಎಫ್‌ಐಆರ್ ಪ್ರತಿ ಉಚಿತವಾಗಿ ಸಿಗಬೇಕು. ‘ನಮ್ಮ ವ್ಯಾಪ್ತಿಗೆ ಬರಲ್ಲ’ ಎಂದರೆ, ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲಾದರೂ ದಾಖಲಿಸಬಹುದಾದ ಝೀರೊ ಎಫ್‌ಐಆರ್ ಕೇಳಿ, ಒಪ್ಪದಿದ್ದರೆ ಡಿಸಿಪಿಗೆ ಲಿಖಿತವಾಗಿ ಕೊಡಿ. ಮಗುವಿನ ಹೇಳಿಕೆಯನ್ನು ಮನೆಯಲ್ಲೋ ಅದು ಬಯಸಿದ ಕಡೆಯೋ, ಸಮವಸ್ತ್ರವಿಲ್ಲದೆ, ಸಾಧ್ಯವಿದ್ದಷ್ಟೂ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಪೊಲೀಸರು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವರದಿ ಮಾಡಬೇಕು. ಕೇಸಿನುದ್ದಕ್ಕೂ ಮಗುವಿನ ಜೊತೆಗಿರಲು ಬೆಂಬಲ ವ್ಯಕ್ತಿಯನ್ನು ಕೊಡುವುದು ಈ ಸಮಿತಿಯೇ. ಬೇಕೆಂದು ನೀವೇ ಕೇಳಿ.

ಪೋಷಕರಿಗೆ ತಿಳಿಸುವುದು ಸಹಜ, ಆದರೆ ಆರೋಪ ಮನೆಯವರ ಮೇಲೇ ಇದ್ದರೆ ಮೊದಲು 1098 ಅಥವಾ ಮಕ್ಕಳ ಕಲ್ಯಾಣ ಸಮಿತಿ. ‘ಮರ್ಯಾದೆ ಹೋಗುತ್ತೆ, ಬಿಟ್ಟುಬಿಡಿ’ ಎಂದು ತಂದೆತಾಯಿ ಕೈಮುಗಿದರೂ ನಿಮ್ಮ ಕಾನೂನಿನ ಹೊಣೆ ಕಳಚುವುದಿಲ್ಲ. ಏರಿಯಾದ ಹಿರಿಯರು ರಾಜಿ ಪಂಚಾಯಿತಿಗೆ ಕರೆದರೆ ಹೋಗಬೇಡಿ.

ಆರೋಪಿ ಸಿಬ್ಬಂದಿಯಾಗಿದ್ದರೆ ಅದೇ ಗಳಿಗೆಯಿಂದ ಮಕ್ಕಳ ಸಂಪರ್ಕ, ಬೀಗದ ಕೈ, ಕಡತ, ವಾಟ್ಸ್ಆ್ಯಪ್ ಗುಂಪು ಎಲ್ಲದರಿಂದ ದೂರವಿಡಿ. ಕರೆಸಿ ವಿಚಾರಣೆ ಮಾಡಬೇಡಿ. ಸಾಕ್ಷ್ಯ ಅಳಿಸಲು, ಮಗುವಿನ ಮನೆಗೆ ಹೋಗಿ ಹೆದರಿಸಲು ಅದರಿಂದಲೇ ದಾರಿಯಾಗುವುದು. ‘ನಾವೇ ಸಮಿತಿ ಮಾಡಿ ನಿಜಾಂಶ ನೋಡಿ ಆಮೇಲೆ ಪೊಲೀಸರಿಗೆ ಹೇಳೋಣ’ ಎಂಬುದು ಸೇವಾ ಸಂಸ್ಥೆಗಳು ಅತಿ ಹೆಚ್ಚು ಮಾಡುವ, ಅತಿ ದುಬಾರಿಯಾಗುವ ತಪ್ಪು. ರಾಜೀನಾಮೆ ಪಡೆದು ಸುಮ್ಮನಾಗುವುದು ಅದಕ್ಕಿಂತ ಕೆಟ್ಟದ್ದು. ಆ ವ್ಯಕ್ತಿ ನಿಮ್ಮ ಅನುಭವ ಪತ್ರ ಹಿಡಿದು ಇನ್ನೊಂದು ಮಕ್ಕಳ ಸಂಸ್ಥೆಯ ಬಾಗಿಲು ತಟ್ಟುತ್ತಾನೆ.

ಮಗುವನ್ನು ಕಾರ್ಯಕ್ರಮದಿಂದ ಬಿಡಿಸಬೇಡಿ. ವಿಷಯ ಗೊತ್ತಿರಬೇಕಾದವರು ಮೂರ್ನಾಲ್ಕು ಜನ, ಅಷ್ಟೇ. ಆಪ್ತಸಮಾಲೋಚನೆಗೆ ನಿಮ್ಹಾನ್ಸ್‌ನ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕೀಯ ವಿಭಾಗವಿದೆ.

ಲೈಂಗಿಕವಲ್ಲದ ದೂರುಗಳೂ ಬರುತ್ತವೆ, ನಿಜಕ್ಕೂ ಅವೇ ಹೆಚ್ಚು ಬರಬಹುದು: ಕುಡಿದು ಹೊಡೆಯುವ ಅಪ್ಪ, ಹದಿನೈದಕ್ಕೇ ಗೊತ್ತುಮಾಡಿದ ಮದುವೆ, ಶಾಲೆ ಬಿಡಿಸಿ ಗ್ಯಾರೇಜಿಗೆ ಹಾಕಿದ ಹುಡುಗ. ಇವಕ್ಕೆ 1098 ಮತ್ತು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಮದುವೆಯ ದಿನಾಂಕ ತಿಳಿದಿದ್ದರೆ ಕಾಯದೆ ಅಂದೇ ಕರೆ ಮಾಡಿ.

ಹಂತ 9: ಕಡತ ಮತ್ತು ತಪಾಸಣೆ

ದೂರಿನ ಟಿಪ್ಪಣಿಗಳು ಬೀಗದ ಕಪಾಟಿನಲ್ಲಿ, ಹಾಜರಿ ಪುಸ್ತಕದಿಂದ ಬೇರೆ ಇರಲಿ. ಆರು ತಿಂಗಳಿಗೊಮ್ಮೆ ಒಂಟಿ ಗಳಿಗೆಗಳ ಪಟ್ಟಿ ಹಿಡಿದು ಜಾಗವನ್ನು ಮತ್ತೆ ಸುತ್ತಿ. ಜಾಗ, ಸಮಯ ಅಥವಾ ವ್ಯಾನ್ ಡ್ರೈವರ್ ಬದಲಾದರೆ ಆಗಲೇ. ಗೋಡೆಯ ಮೇಲಿನ ಹೊಣೆಗಾರರ ನಂಬರಿಗೆ ಒಮ್ಮೆ ಕರೆ ಮಾಡಿ ನೋಡಿ, ಸಂಸ್ಥೆ ಬಿಟ್ಟುಹೋದವರ ಹೆಸರು ವರ್ಷಗಟ್ಟಲೆ ಅಲ್ಲೇ ಉಳಿದಿರುತ್ತದೆ. ನಾಲ್ಕೈದು ಮಕ್ಕಳನ್ನು ಕರೆದು ‘ಯಾರಾದ್ರೂ ತೊಂದ್ರೆ ಕೊಟ್ರೆ ಯಾರಿಗೆ ಹೇಳ್ತೀರ?’ ಎಂದು ಕೇಳಿ. ಹೆಸರು ಹೇಳಲು ತಡವರಿಸಿದರೆ ಏಳನೇ ಹಂತವನ್ನು ಆ ವಾರವೇ ಮತ್ತೆ ಮಾಡಿ. ಸ್ವಯಂಸೇವಕರು ಬಿಟ್ಟುಹೋಗುವ ದಿನ ಗುರುತಿನ ಚೀಟಿ, ಬೀಗದ ಕೈ ವಾಪಸ್ ಪಡೆದು, ಪೋಷಕರ ವಾಟ್ಸ್ಆ್ಯಪ್ ಗುಂಪಿನಿಂದ ತೆಗೆದು, ‘ಇನ್ನು ಇವರು ನಮ್ಮ ಪರವಾಗಿ ಮನೆಗೆ ಬರುವುದಿಲ್ಲ’ ಎಂದು ಅದೇ ಗುಂಪಿನಲ್ಲಿ ಪೋಷಕರಿಗೆ ತಿಳಿಸಿ.